ಲಿಂಗ್ವಿಸ್ಟ್ ಅಂದ್ರೆ ಮೊದಲು ಯಾರು: ಪಂಡಿತನೋ, ದುಭಾಷಿಯೋ?

ಟಿಳಕವಾಡಿ ಟೀಚರ್

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬಿಎ ಮೊದಲ ವರ್ಷದ ಹುಡುಗಿ ಒಬ್ಬಳು ಕೇಳಿದಳು: "ಮಿಸ್, ಭಾಷಾಶಾಸ್ತ್ರ ಓದಿದವರಿಗೂ ಲಿಂಗ್ವಿಸ್ಟ್ ಅಂತಾರೆ, ಹತ್ತು ಭಾಷೆ ಮಾತಾಡುವವರಿಗೂ ಲಿಂಗ್ವಿಸ್ಟ್ ಅಂತಾರೆ. ಯಾವುದು ಸರಿ?" ಲ್ಯಾಟಿನ್‌ನಲ್ಲಿ ‘ಲಿಂಗ್ವಾ’ ಅಂದರೆ ನಾಲಿಗೆ, ಅದರಿಂದ ಬಂದ ಪದ ಎಂದು ಹೇಳಿದೆ. ಅವಳ ಮುಖ ನೋಡಿದರೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ನಾಲಿಗೆಯಿಂದ ಶಾಸ್ತ್ರಜ್ಞನವರೆಗೆ ಈ ಪದ ಹೇಗೆ ಬಂತು? ಇಲ್ಲಿ ಪದಗಳ ಬೆನ್ನು ಹತ್ತಿದವರು ಸುಮಾರು ಜನ ಇದ್ದೀರಿ. ಸ್ವಲ್ಪ ಬಿಡಿಸಿ ಹೇಳ್ತೀರಾ?

ಕೂಡಲಸಂಗಮದವ

ಇದರಲ್ಲಿ ಕೇಳೋದೇನಿದೆ ಅಕ್ಕಾರ? ಲಿಂಗ್ವಾ ಅಂದ್ರೆ ನಮ್ಮ ‘ಲಿಂಗ’ವೇ. ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಅಂತ ಓದಿಲ್ವಾ? ಸಂಸ್ಕೃತದಿಂದ ಅಲ್ಲಿಗೆ ಹೋಯಿತು. ಮುಗೀತು.

ಬಾದಾಮಿ ಬಂಡೆ

ಮುಗೀಲಿಲ್ಲ ತಮ್ಮಾ, ಈಗ ಸುರುವಾಯಿತು.

ಸಂಸ್ಕೃತದ ‘ಲಿಂಗ’ ಅಂದರೆ ಗುರುತು, ಲಕ್ಷಣ. ಲ್ಯಾಟಿನ್‌ನ ‘ಲಿಂಗ್ವಾ’ ಅಂದರೆ ಬಾಯಲ್ಲಿರುವ ನಾಲಿಗೆ. ಅರ್ಥ ಬೇರೆ ಅನ್ನುವುದು ಹೋಗಲಿ, ಹುಟ್ಟೂ ಬೇರೆ. ಯಾಕೆಂದರೆ ಲಿಂಗ್ವಾ ಪದದಲ್ಲಿ ಮೊದಲು ‘ಲ’ ಇರಲೇ ಇಲ್ಲ. ಹಳೆಯ ರೋಮನ್ನರು ಅದನ್ನು ‘ದಿಂಗ್ವಾ’ ಅನ್ನುತ್ತಿದ್ದರು. 4ನೇ ಶತಮಾನದ ವ್ಯಾಕರಣಕಾರ ಮಾರಿಯಸ್ ವಿಕ್ಟೋರಿನಸ್ ಇದನ್ನು ಬರೆದಿಟ್ಟಿದ್ದಾನೆ. ಹಿಂದಿನವರಲ್ಲಿ ದ, ಲ ಒಂದರ ಜಾಗದಲ್ಲಿ ಇನ್ನೊಂದು ಬರುತ್ತಿತ್ತು ಎಂದು ಹೇಳಿ, ದಿಂಗ್ವಾ–ಲಿಂಗ್ವಾ ಜೋಡಿಯನ್ನೇ ತೋರಿಸುತ್ತಾನೆ. ಕಣ್ಣೀರಿಗೆ ಅವರ ‘ಲಕ್ರಿಮಾ’ ಕೂಡ ಮೊದಲು ‘ದಕ್ರಿಮಾ’ ಆಗಿತ್ತು.

ಇನ್ನೊಂದು ಉದಾಹರಣೆ ಬೆಳಗಾವಿಯವರಿಗೆ ತಟ್ಟನೆ ಹಿಡಿಸುತ್ತದೆ. ಗಂಡನ ತಮ್ಮನಿಗೆ ಸಂಸ್ಕೃತದಲ್ಲಿ ‘ದೇವರ’ (ಗುಡಿಯ ದೇವರಲ್ಲ, ಮೈದುನ), ಹಿಂದಿಯಲ್ಲಿ ‘ದೇವರ್’, ಮರಾಠಿಯಲ್ಲಿ ‘ದೀರ’. ಲ್ಯಾಟಿನ್‌ನಲ್ಲಿ ಅದೇ ಪದ ‘ಲೇವಿರ್’. ಮತ್ತೆ ದ ಹೋಗಿ ಲ.

ಈಗ ‘ದಿಂಗ್ವಾ’ವನ್ನು ಇಂಗ್ಲಿಷಿನ ‘ಟಂಗ್’ ಪಕ್ಕ ಇಡಿ. ದಂತ–ಟೂತ್, ದಶ–ಟೆನ್, ದ್ವಿ–ಟೂ. ಹಳೆಯ ದ ಇದ್ದ ಕಡೆ ಇಂಗ್ಲಿಷಿನಲ್ಲಿ ಟ. ಹಾಗಾಗಿ ಟಂಗ್ ಮತ್ತು ಲಿಂಗ್ವಾ ಒಂದೇ ತಾಯಿಯ ಮಕ್ಕಳು. ಸಂಸ್ಕೃತದ ‘ಜಿಹ್ವಾ’, ಮರಾಠಿಯ ‘ಜೀಭ’ ಇದೇ ಮನೆತನದವು. ಸಂಸ್ಕೃತದ ಸಂಬಂಧ ಬೇಕೇ ಬೇಕು ಅಂದರೆ ಅಲ್ಲಿ ಹುಡುಕು, ಲಿಂಗದಲ್ಲಿ ಅಲ್ಲ. ಅದೂ ಮಗಳಲ್ಲ, ದಾಯಾದಿ.

ಕೂಡಲಸಂಗಮದವ

ಸರ, ಹಾಗಾದ್ರೆ ‘ಜಿಹ್ವಾ’ದಲ್ಲಿ ದ ಎಲ್ಲಿದೆ? ಜ ಇದೆಯಲ್ಲ. ಒಬ್ಬರಿಗೆ ದ, ಒಬ್ಬರಿಗೆ ಲ, ಒಬ್ಬರಿಗೆ ಜ. ನಿಮಗೆ ಬೇಕಾದ ಅಕ್ಷರ ಹಾಕಿಕೊಂಡರೆ ಯಾವ ಪದವನ್ನಾದರೂ ಕೂಡಿಸಬಹುದು ಬಿಡ್ರಿ.

ಬಾದಾಮಿ ಬಂಡೆ

ಇದು ಒಳ್ಳೆಯ ಪ್ರಶ್ನೆ. ಸುಮ್ನೆ ವಾದಕ್ಕೆ ಕೇಳಿದ್ದರೂ ಒಳ್ಳೆಯದೇ.

ಧ್ವನಿ ಬದಲಾಗುವುದರಲ್ಲಿ ಎರಡು ತರಹ ಇದೆ. ಒಂದು, ಸಾಲು ಸಾಲಾಗಿ ಆಗುವುದು. ಹಳಗನ್ನಡದ ಪಾಲ್, ಪುಲಿ, ಪೂ ನಮ್ಮ ಬಾಯಲ್ಲಿ ಹಾಲು, ಹುಲಿ, ಹೂ ಆದವಲ್ಲ, ಹಾಗೆ. ನಮ್ಮ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದ್ದು. ಕೆರೆಯ ದಂಡೆಯ ಬಂಡೆಯ ಮೇಲೆ ‘ಪೊಲ್ಲದು’ ಎಂದಿದೆ, ಆಮೇಲಿನವರು ಅದನ್ನು ‘ಹೊಲ್ಲದು’ ಅಂದರು. ಇಂಗ್ಲಿಷಿನ ದ–ಟ ಈ ಜಾತಿಯದು, ನಿಯಮ ಅನ್ನುವಷ್ಟು ಗಟ್ಟಿ.

ಇನ್ನೊಂದು, ಅಲ್ಲೊಂದು ಇಲ್ಲೊಂದು ಪದದಲ್ಲಿ ಮಾತ್ರ ಆಗುವುದು. ಲ್ಯಾಟಿನ್‌ನ ದ–ಲ ಆ ಜಾತಿಯದು. ಹತ್ತಕ್ಕೆ ‘ದೆಕೆಮ್’ ಅಂತಲೇ ಉಳಿಯಿತು, ‘ಲೆಕೆಮ್’ ಆಗಲಿಲ್ಲ. ನಾಲಿಗೆಯ ಪದ ಮಾತ್ರ ಯಾಕೆ ಜಾರಿತು? ‘ನೆಕ್ಕು’ ಅನ್ನುವುದಕ್ಕೆ ಲ್ಯಾಟಿನ್‌ನಲ್ಲಿ ‘ಲಿಂಗೆರೆ’. ನೆಕ್ಕುವುದು ನಾಲಿಗೆಯೇ ತಾನೆ. ಒಂದು ಪದದ ಗಾಳಿ ಇನ್ನೊಂದಕ್ಕೆ ಬೀಸಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಲಿಥುವೇನಿಯಾದ ಭಾಷೆಯಲ್ಲೂ ನಾಲಿಗೆಯ ಪದ ಇದೇ ಕಾರಣಕ್ಕೆ ‘ಲ’ದಿಂದ ಸುರುವಾಗುತ್ತದೆ. ಆ ನೆಕ್ಕುವ ಧಾತು ನಿನ್ನ ಮನೆಯಲ್ಲೂ ಇದೆ. ಸಂಸ್ಕೃತದಲ್ಲಿ ‘ಲಿಹ್’. ಚಳಿಗಾಲದಲ್ಲಿ ತಿನ್ನುವ ಲೇಹ್ಯ ಅದರದೇ ಕೂಸು.

ಜಿಹ್ವಾದ ಜ ಸ್ವಲ್ಪ ಹಟಮಾರಿ, ನಿಯಮಕ್ಕೆ ಪೂರಾ ಒಗ್ಗುವುದಿಲ್ಲ. ನಾಲಿಗೆಯ ಪದ ಬಹಳ ಭಾಷೆಗಳಲ್ಲಿ ಹೀಗೆ ಆಕಾರ ಕೆಡಿಸಿಕೊಂಡಿದೆ. ಕೆಲವರು ಇದಕ್ಕೆ ಮಡಿ–ಮೈಲಿಗೆ ಕಾರಣ ಅನ್ನುತ್ತಾರೆ. ಹೆಸರು ನೇರ ಹೇಳಬಾರದು ಎಂದು ಜನ ತಿರುಚಿ ಹೇಳುತ್ತಿದ್ದರಂತೆ.

ಇಂಡಿ ಲಿಂಬಿ

ವಿಜಯಪುರದವರ ಪಾಲು ಮರೀಬೇಡ್ರಿ. ಫಾರ್ಸಿಯ ‘ಜಬಾನ್’ ಕೂಡ ಇದೇ ಬಳಗದ್ದು. ಅದಕ್ಕೂ ಎರಡು ಅರ್ಥ, ನಾಲಿಗೆ ಮತ್ತು ಭಾಷೆ. ಮರಾಠಿ ಕೋರ್ಟಿನ ಕಾಗದಗಳಲ್ಲಿ ಬಾಯಿಮಾತಿನ ಹೇಳಿಕೆಗೆ ‘ಜಬಾನಿ’ ಅಂತಾರೆ. ಗೋಳಗುಮ್ಮಟದ ಓಣಿಯ ಕಡೆ ಈಗಲೂ ‘ಜಬಾನ್ ಸಂಭಾಳ್’ ಅಂದ್ರೆ ನಾಲಿಗೆ ಬಿಗಿ ಹಿಡಿ ಅಂತ.

ಕನ್ನಡದ ‘ನಾಲಿಗೆ’ ಮಾತ್ರ ಬೇರೆ ಮನೆಯದು, ಅಲ್ವಾ?

ಬಾದಾಮಿ ಬಂಡೆ

ಪೂರಾ ಬೇರೆ. ತಮಿಳಿನ ನಾ, ನಾಕ್ಕು, ತೆಲುಗಿನ ನಾಲುಕ, ನಮ್ಮ ನಾಲಿಗೆ, ಇವು ದ್ರಾವಿಡ.

ಟಿಳಕವಾಡಿ ಟೀಚರ್

ನಾಲಿಗೆಯ ವಿಷಯ ಸ್ವಾರಸ್ಯವಾಗಿದೆ ಸರ. ಆದರೆ ಹುಡುಗಿಯ ಪ್ರಶ್ನೆ ಇನ್ನೂ ಹಾಗೇ ಇದೆ. ನಾಲಿಗೆಗೆ ‘ಇಸ್ಟ್’ ಸೇರಿಸಿ ಮಾಡಿದ ಮನುಷ್ಯ ಯಾರು?

ಖಾನಾಪುರ ಘಾಟ್

ಟೀಚರ್, ಇದನ್ನು ನಾನು ಗೋವಾದ ಕಡೆಯಿಂದ ಹೇಳುತ್ತೇನೆ.

ಪೋರ್ಚುಗೀಸರ ಗೋವಾದಲ್ಲಿ ಒಂದು ಸರಕಾರಿ ಹುದ್ದೆ ಇತ್ತು, ‘ಲಿಂಗ್ವಾ ದು ಎಸ್ತಾದು’. ಅಕ್ಷರಕ್ಕೆ ಅಕ್ಷರ ಹೇಳಿದರೆ ‘ರಾಜ್ಯದ ನಾಲಿಗೆ’. ಆ ಮನುಷ್ಯನ ಕೆಲಸ ದುಭಾಷಿತನ. ಘಟ್ಟದ ಮೇಲಿನ ದೊರೆಗಳಿಂದ, ಮರಾಠರಿಂದ ಬಂದ ಪತ್ರ ಓದಿ ಪೋರ್ಚುಗೀಸಿಗೆ ತಿರುಗಿಸುವುದು, ಉತ್ತರ ಬರೆಯುವುದು, ರಾಯಭಾರಿ ಬಂದರೆ ನಡುವೆ ನಿಂತು ಮಾತು ದಾಟಿಸುವುದು. ಹೆಚ್ಚಾಗಿ ಸಾರಸ್ವತ ಬ್ರಾಹ್ಮಣರು ಈ ಹುದ್ದೆಯಲ್ಲಿದ್ದರು. ಅವರಿಗೆ ಮನೆಯಲ್ಲಿ ಕೊಂಕಣಿ, ಪತ್ರಕ್ಕೆ ಮರಾಠಿ, ದೊರೆಗೆ ಪೋರ್ಚುಗೀಸ್. ಖಾನಾಪುರ, ಲೋಂಡಾ ಕಡೆ ಹುಟ್ಟಿದವರಿಗೆ ಇದೇನು ದೊಡ್ಡದಲ್ಲ ಬಿಡಿ. ನಮ್ಮ ಕಿರಾಣಿ ಅಂಗಡಿಯವನೂ ಒಂದು ಪಾವ್ ಕಿಲೋ ಬೆಲ್ಲ ತೂಗುವಷ್ಟರಲ್ಲಿ ಮೂರು ಭಾಷೆ ಮುಗಿಸುತ್ತಾನೆ. ಅವನಿಗೆ ಹುದ್ದೆಯಿಲ್ಲ ಅಷ್ಟೇ.

ದುಭಾಷಿಗೆ ‘ನಾಲಿಗೆ’ ಅನ್ನುವುದು ಸ್ಪೇನಿನವರಲ್ಲೂ ಇತ್ತು. ಹೊಸ ದೇಶಕ್ಕೆ ಹಡಗು ಮುಟ್ಟಿದರೆ ಅವರು ಮೊದಲು ಹುಡುಕುತ್ತಿದ್ದದ್ದು ಒಂದು ‘ನಾಲಿಗೆ’ಯನ್ನು.

ಇಂಗ್ಲಿಷಿನ ಲಿಂಗ್ವಿಸ್ಟ್ ಈ ಗಾಳಿಯಲ್ಲೇ ಬೆಳೆದದ್ದು. 16ನೇ ಶತಮಾನದ ಕೊನೆಯಲ್ಲಿ ಅದು ಕಾಣಿಸಿಕೊಂಡಾಗ ಅರ್ಥ ‘ಹಲವು ಭಾಷೆ ಬಲ್ಲವನು’. ಶೇಕ್ಸ್‌ಪಿಯರನ ಒಂದು ನಾಟಕದಲ್ಲಿ ಕಾಡಿನ ದರೋಡೆಕೋರರು ಸಿಕ್ಕಿಬಿದ್ದ ತರುಣನನ್ನು ತಮ್ಮ ನಾಯಕ ಮಾಡಿಕೊಳ್ಳುತ್ತಾರೆ. ಕಾರಣ, ನೋಡಲು ಚೆಂದ ಇದ್ದಾನೆ, ಮೇಲೆ ಲಿಂಗ್ವಿಸ್ಟ್! ಕಳ್ಳರಿಗೆ ಭಾಷಾಶಾಸ್ತ್ರಜ್ಞ ಯಾಕೆ ಬೇಕು? ನಾಲ್ಕು ಭಾಷೆ ಬರುವವನು ಬೇಕು. ‘ಭಾಷೆಗಳನ್ನು ಅಭ್ಯಾಸ ಮಾಡುವವನು’ ಅನ್ನುವ ಅರ್ಥ ಬಂದದ್ದು 17ನೇ ಶತಮಾನದಲ್ಲಿ.

ಆ ಕಡೆ ದುಭಾಷಿಯ ಅರ್ಥವೂ ಜೋರಾಗಿ ನಡೆಯಿತು. ಚೀನಾದ ಕ್ಯಾಂಟನ್ ಬಂದರಿನಲ್ಲಿ ವಿದೇಶಿ ವ್ಯಾಪಾರಿಗಳಿಗೆ ಸರಕಾರದ ಪರವಾನಗಿ ಇದ್ದ ‘ಲಿಂಗ್ವಿಸ್ಟ್’ಗಳು ಇರಲೇಬೇಕಿತ್ತು. ಆಫ್ರಿಕಾದ ಘಾನಾದಲ್ಲಿ ಅರಸನ ಪರವಾಗಿ ಮಾತಾಡುವ ‘ಒಕ್ಯಾಮೆ’ಗೆ ಇಂಗ್ಲಿಷಿನಲ್ಲಿ ಇಂದಿಗೂ ಲಿಂಗ್ವಿಸ್ಟ್ ಅನ್ನುತ್ತಾರೆ. ಅವನ ಕೈಯಲ್ಲಿ ತುದಿಗೆ ಕೆತ್ತನೆ ಇರುವ ಕೋಲು ಇರುತ್ತದೆ. ಅವನು ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸುವುದೂ ಅಲ್ಲ, ಅರಸನ ಮಾತನ್ನು ಅಂದಗೊಳಿಸಿ ಜನರಿಗೆ ಮುಟ್ಟಿಸುತ್ತಾನೆ.

ನನ್ನ ಲೆಕ್ಕದಲ್ಲಿ ಹುಡುಗಿಗೆ ಉತ್ತರ ಇದು: ಭಾಷೆ ಬಲ್ಲವನು ಹಿರಿಯ, ಶಾಸ್ತ್ರಜ್ಞ ಕಿರಿಯ. ಕಿರಿಯನೇ ಈಗ ಮನೆಯ ಯಜಮಾನ ಆಗಿ ಕೂತಿದ್ದಾನೆ.

ಗೋಕಾಕ ಕರದಂಟು

ಈ ಗೊಂದಲ ಬೇಡ ಅಂತ 19ನೇ ಶತಮಾನದಲ್ಲಿ ಕೆಲವರು ಶಾಸ್ತ್ರಜ್ಞನಿಗೆ ‘ಲಿಂಗ್ವಿಸ್ಟಿಶಿಯನ್’ ಅಂತ ಬೇರೆ ಪದ ಮಾಡಿ ನೋಡಿದರು. ಬಾಯಲ್ಲಿ ಹೊರಳಬೇಕಲ್ಲ! ಯಾರೂ ಕೇಳಲಿಲ್ಲ.

ವಕೀಲ ಕಾಕಾ

ನಮ್ಮಿಂದ ಹೋದ ಪದ ಒಂದಿದೆ, ಯಾರೂ ಎತ್ತಲಿಲ್ಲ. ‘ಪಂಡಿತ್’. ಇಂಗ್ಲಿಷರು 17ನೇ ಶತಮಾನದಲ್ಲೇ ಇದನ್ನು ಎತ್ತಿಕೊಂಡರು. ಆದರೆ ಅವರ ಕೈಯಲ್ಲಿ ಅದು ಮೊದಲು ಕೋರ್ಟಿನ ಪದ ಆಯಿತು. ಹಿಂದೂ ಕಾಯದೆಯ ಖಟ್ಲೆ ಬಂದರೆ ಬ್ರಿಟಿಷ್ ನ್ಯಾಯಾಧೀಶ ಧರ್ಮಶಾಸ್ತ್ರ ಬಲ್ಲ ಪಂಡಿತನನ್ನು ಕೇಳಬೇಕಿತ್ತು. 1864ರಲ್ಲಿ ಆ ಹುದ್ದೆ ರದ್ದಾಯಿತು.

ವಿಲಿಯಂ ಜೋನ್ಸ್ 1783ರಲ್ಲಿ ಕಲಕತ್ತೆಯ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶನಾಗಿ ಬಂದ. ಪಂಡಿತರು ಹೇಳಿದ್ದೇ ಕಾಯದೆ ಅಂತ ಕೂರುವುದು ಅವನಿಗೆ ಹಿಡಿಸಲಿಲ್ಲ. ತಾನೇ ಸಂಸ್ಕೃತ ಕಲಿಯಲು ಕೂತ. 1786ರಲ್ಲಿ ಏಷಿಯಾಟಿಕ್ ಸೊಸೈಟಿಯಲ್ಲಿ ನಿಂತು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದ. ಬಾದಾಮಿ ಸರ ಮೇಲೆ ಹೇಳಿದ ಜಿಹ್ವಾ–ಲಿಂಗ್ವಾ ಲೆಕ್ಕ ಎಲ್ಲ ಆ ದಾರಿಯಲ್ಲೇ ಬಂದದ್ದು. ಸಾಕ್ಷಿಯ ಮೇಲೆ ಭರವಸೆ ಇಲ್ಲದ ನ್ಯಾಯಾಧೀಶನ ಗುಮಾನಿಯಿಂದ ಒಂದು ಶಾಸ್ತ್ರವೇ ಎದ್ದು ನಿಂತಿತು. ವಕೀಲನಾಗಿ ನನಗೆ ಇದು ಭಾರಿ ಖುಷಿಯ ಸಂಗತಿ.

ಆಮೇಲೆ ಸರ್ವೆ ಇಲಾಖೆ ಹಿಮಾಲಯದ ಆಚೆ ಗುಟ್ಟಾಗಿ ಕಳಿಸಿದ ಭಾರತೀಯ ಸರ್ವೇಯರುಗಳಿಗೂ ಪಂಡಿತ್ ಅಂದರು. ನೈನ್ ಸಿಂಗ್ ಮೂಲತಃ ಶಾಲೆ ಮಾಸ್ತರ, 1866ರಲ್ಲಿ ಲಾಸಾ ಮುಟ್ಟಿದ. ಈಗ ಟಿವಿಯಲ್ಲಿ ಕೂತು ಯಾರು ಆರಿಸಿ ಬರ್ತಾರೆ ಅಂತ ಹೇಳುವವರೂ ಪಂಡಿತರೇ.

ಕೂಡಲಸಂಗಮದವ

ಕಾಕಾ, ಆ ಟಿವಿ ಪಂಡಿತರಿಗಿಂತ ನಮ್ಮ ಹುನಗುಂದ ಬಸ್ ಸ್ಟ್ಯಾಂಡಿನ ಚಹಾದಂಗಡಿ ಲೆಕ್ಕ ಪಕ್ಕಾ ಇರುತ್ತದೆ.

ಇಳಕಲ್ ಸೆರಗು

ನನ್ನದೊಂದು ಸಣ್ಣದು. ‘ಗ್ರಾಮರ್’ ಮತ್ತು ‘ಗ್ಲಾಮರ್’ ಒಂದೇ ಪದ. ನಂಬಿಕೆ ಬರಲ್ಲ ಅಲ್ವಾ? ಮಧ್ಯಯುಗದಲ್ಲಿ ಗ್ರಾಮರ್ ಓದುವುದು ಅಂದ್ರೆ ಲ್ಯಾಟಿನ್ ಓದುವುದು. ಓದು ಬಾರದ ಜನಕ್ಕೆ ಆ ವಿದ್ಯೆಯೂ ಮಾಟ–ಮಂತ್ರವೂ ಒಂದೇ ಅನ್ನಿಸಿತು. ಸ್ಕಾಟ್ಲೆಂಡಿನವರ ಬಾಯಲ್ಲಿ ಪದ ಗ್ಲಾಮರ್ ಆಗಿ ‘ಕಣ್ಕಟ್ಟು’ ಅನ್ನುವ ಅರ್ಥ ಪಡೆಯಿತು. ವಾಲ್ಟರ್ ಸ್ಕಾಟ್ ಅದನ್ನು ಎಲ್ಲ ಕಡೆ ಮುಟ್ಟಿಸಿದ. ಮಾಟದ ಪುಸ್ತಕಕ್ಕೆ ಫ್ರೆಂಚರ ‘ಗ್ರಿಮ್ವಾರ್’ ಕೂಡ ಇದರದೇ ತುಂಡು. ಮುಂದಿನ ಸಲ ವ್ಯಾಕರಣ ಬೇಜಾರು ಅನ್ನುವ ಹುಡುಗರಿಗೆ ಇದನ್ನು ಹೇಳಿ ಟೀಚರ್.

ಟಿಳಕವಾಡಿ ಟೀಚರ್

ಖಂಡಿತ ಹೇಳುತ್ತೇನೆ! ಹಾಗಾದರೆ ‘ಫಿಲಾಲಜಿಸ್ಟ್’? ನಮ್ಮ ಕಾಲದ ಪಠ್ಯದಲ್ಲಿ ಲಿಂಗ್ವಿಸ್ಟ್‌ಗಿಂತ ಇದೇ ಜಾಸ್ತಿ ಇತ್ತು.

ಬಾದಾಮಿ ಬಂಡೆ

ಗ್ರೀಕಿನಲ್ಲಿ ‘ಫಿಲೊ’ ಪ್ರೀತಿ, ‘ಲೋಗೋಸ್’ ಮಾತು. ಪ್ಲೇಟೋ ಕಾಲದಲ್ಲಿ ಅದರ ಅರ್ಥ ಮಾತಿನ ಚಪಲ ಇರುವವನು, ಚರ್ಚೆ ಅಂದರೆ ಪ್ರಾಣ ಬಿಡುವವನು. ಈ ಲೆಕ್ಕದಲ್ಲಿ ಊರಿನ ಕಟ್ಟೆಯ ಮೇಲೆ ಕೂತವರೆಲ್ಲ ಫಿಲಾಲಜಿಸ್ಟರೇ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಎರಾಟೊಸ್ಥೆನಿಸ್ ತನ್ನನ್ನು ಹಾಗೆ ಕರೆದುಕೊಂಡ ಮೇಲೆ ಅದಕ್ಕೆ ವಿದ್ವತ್ತಿನ ತೂಕ ಬಂತು. ಭೂಮಿಯ ಸುತ್ತಳತೆ ಲೆಕ್ಕ ಹಾಕಿದವನೂ ಅವನೇ.

ಲಿಂಗ್ವಿಸ್ಟ್ ಮತ್ತು ಫಿಲಾಲಜಿಸ್ಟ್ ನಡುವೆ ಕೆಲಸದ ವ್ಯತ್ಯಾಸ ಇದೆ. ಹಳೆಯ ಪ್ರತಿಗಳನ್ನು ಹುಡುಕಿ, ಒಂದಕ್ಕೊಂದು ತಾಳೆ ನೋಡಿ, ಯಾವ ಪಾಠ ಸರಿ ಎಂದು ಗೊತ್ತು ಮಾಡುವವನು ಫಿಲಾಲಜಿಸ್ಟ್. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮಾಡಿದ್ದು ಇದನ್ನೇ. ಮಠ–ಮನೆಗಳಲ್ಲಿ ಬಿದ್ದಿದ್ದ ವಚನದ ತಾಡೋಲೆಗಳನ್ನು ಕೂಡಿಸಿ, ಓದಿ, ಅಚ್ಚಿಗೆ ತಂದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬಂತು. ಐಹೊಳೆ, ಬಾದಾಮಿ, ಪಟ್ಟದಕಲ್ಲಿನ ಶಾಸನ ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಕೂಡ ಈ ಸಾಲಿನವನೇ. ಕೆಲಸಕ್ಕೆ ಸರಕಾರಿ ಅಧಿಕಾರಿ, ಹುಚ್ಚು ಮಾತ್ರ ಕಲ್ಲಿನದು.

ಇನ್ನು ಸವದತ್ತಿ ಸೀಮೆಯ ಗುರ್ಲಹೊಸೂರಿನ ಶಂ.ಬಾ. ಜೋಶಿಯವರನ್ನು ಯಾವ ಡಬ್ಬಿಗೆ ಹಾಕುತ್ತೀರಿ? ಮಹಾರಾಷ್ಟ್ರದ ಊರಹೆಸರುಗಳಲ್ಲಿ ಕನ್ನಡ ಹುಡುಕಿದ ಮನುಷ್ಯ. ಶಾಲೆ ಮಾಸ್ತರಿಕೆ ಮಾಡಿಕೊಂಡೇ ಇದನ್ನೆಲ್ಲ ಮಾಡಿದರು. ನಮ್ಮ ಕಡೆ ಅವರಿಗೆ ‘ಸಂಶೋಧಕರು’ ಅಂದೆವು, ಅದೇ ಒಪ್ಪುತ್ತದೆ.

ಖಾನಾಪುರ ಘಾಟ್

ದುಭಾಷಿಗೆ ಮತ್ತೆ ಬರೋಣ. ಅಡ್ಡಹೆಸರುಗಳ ಕಡೆ ಯಾರೂ ನೋಡಲಿಲ್ಲ.

ಬಡಿಗೇರ, ಪತ್ತಾರ, ಕಂಬಾರ, ನದಾಫ. ಬಾಗಲಕೋಟೆ, ವಿಜಯಪುರದಲ್ಲಿ ಕಸುಬೇ ಅಡ್ಡಹೆಸರು. ಭಾಷೆಯ ಕಸುಬಿಗೂ ಅಡ್ಡಹೆಸರು ಇದೆ. ‘ದುಭಾಷಿ’ ಅಂತಲೇ ಅಡ್ಡಹೆಸರಿನ ಮನೆತನಗಳಿವೆ. ‘ಮುನ್ಶಿ’ ಇದೆ. ಮರಾಠರ ದರಬಾರಿನಿಂದ ಬಂದದ್ದು ‘ಪಾರಸನೀಸ’. ಇದನ್ನು ಬಿಡಿಸಿದರೆ ‘ಫಾರ್ಸಿ ನವೀಸ’, ಫಾರ್ಸಿ ಬರೆಯುವವನು. ಚಿಟ್ನೀಸ ಚೀಟಿ ಬರೆಯುವವನು, ವಾಕ್ನೀಸ ಸುದ್ದಿ ಬರೆಯುವವನು. ಪಾರಸನೀಸನ ಕೆಲಸ ಮೊಗಲರ, ನಿಜಾಮರ ಜೊತೆ ಫಾರ್ಸಿ ಪತ್ರ ವ್ಯವಹಾರ.

ಈಗ ಇಂಗ್ಲೆಂಡಿಗೆ ಹೋಗಿ. ಅಲ್ಲಿ ‘ಲ್ಯಾಟಿಮರ್’ ಅಂತ ಒಂದು ಅಡ್ಡಹೆಸರು. 1555ರಲ್ಲಿ ಸುಟ್ಟು ಕೊಂದ ಬಿಷಪ್ ಹ್ಯೂ ಲ್ಯಾಟಿಮರ್ ಹೆಸರು ಟೀಚರ್‌ಗೆ ಗೊತ್ತಿರುತ್ತದೆ. ಹಳೆಯ ಫ್ರೆಂಚಿನಲ್ಲಿ ‘ಲತಿನಿಯೆ’, ಅಂದರೆ ಲ್ಯಾಟಿನ್ ಬಲ್ಲವನು. ಆಮೇಲೆ ಲ್ಯಾಟಿನ್ ಹಿಂದೆ ಸರಿದು ಬರೀ ‘ದುಭಾಷಿ’ ಅನ್ನುವ ಅರ್ಥ ಉಳಿಯಿತು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರ ಅಲ್ಲಿ ದೊರೆ ಆಡುವುದು ಫ್ರೆಂಚ್, ರೈತ ಆಡುವುದು ಇಂಗ್ಲಿಷ್, ವೇಲ್ಸ್ ಗಡಿ ದಾಟಿದರೆ ಇನ್ನೊಂದು. ನಡುವೆ ಲ್ಯಾಟಿಮರ್ ಇಲ್ಲದೆ ಒಂದು ಹೊಲದ ಕರಾರೂ ಆಗುತ್ತಿರಲಿಲ್ಲ. ಅಲ್ಲಿ ದೊಡ್ಡ ಭಾಷೆ ಲ್ಯಾಟಿನ್, ಹಾಗಾಗಿ ಲ್ಯಾಟಿಮರ್. ಇಲ್ಲಿ ದೊಡ್ಡ ಭಾಷೆ ಫಾರ್ಸಿ, ಹಾಗಾಗಿ ಪಾರಸನೀಸ. ಲಿಂಗ್ವಿಸ್ಟ್ ಹುಟ್ಟುವ ಮೊದಲು ಇಂಗ್ಲೆಂಡಿನಲ್ಲಿ ಆ ಕೆಲಸಕ್ಕೆ ಇದ್ದ ಹೆಸರು ಲ್ಯಾಟಿಮರ್, ಲಿಂಗ್ವಿಸ್ಟ್ ಅಲ್ಲ. ನಿಘಂಟಿನಲ್ಲಿ ಸತ್ತು, ಮನೆಯ ಬಾಗಿಲ ಫಲಕದಲ್ಲಿ ಬದುಕಿದೆ.

ಇಂಡಿ ಲಿಂಬಿ

ವಾಹ್, ಪಾರಸನೀಸ ನನಗೆ ಹೊಸದು! ಆದಿಲ್‌ಶಾಹಿಯಲ್ಲಿ ಉಲ್ಟಾ ಆಗಿತ್ತು ನೋಡ್ರಿ. ಮೊದಲನೇ ಇಬ್ರಾಹಿಂ ಆದಿಲ್‌ಶಾ ಲೆಕ್ಕಪತ್ರ ಫಾರ್ಸಿಯಿಂದ ಹಿಂದವಿಗೆ ಬದಲಿಸಿ ಬ್ರಾಹ್ಮಣ ಗುಮಾಸ್ತರ ಕೈಗೆ ಕೊಟ್ಟ ಅಂತ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ವಿಜಯಪುರದ ಕಚೇರಿಯಲ್ಲಿ ಆವಾಗ ಎಷ್ಟು ‘ನಾಲಿಗೆ’ ಬೇಕಾಗಿರಬೇಡ.

ಇಂಗ್ಲಿಷಿನಲ್ಲಿ ‘ಡ್ರ್ಯಾಗೊಮನ್’ ಅಂತ ಒಂದು ಪದ ಇದೆ, ತುರ್ಕಿ ದರಬಾರಿನ ದುಭಾಷಿಗೆ. ಅದು?

ಬಾದಾಮಿ ಬಂಡೆ

ಅದನ್ನು ನೀವು ದಿನಾ ಆಡುತ್ತೀರಿ. ಅರಬ್ಬಿಯ ‘ತರ್ಜುಮಾನ್’ ಗ್ರೀಕ್, ಇಟಾಲಿಯನ್ ಬಾಯಲ್ಲಿ ಹಾದು ಡ್ರ್ಯಾಗೊಮನ್ ಆಯಿತು. ಅದೇ ಅರಬ್ಬಿ ಮೂಲದಿಂದ ಫಾರ್ಸಿ, ಮರಾಠಿ ದಾಟಿ ನಮಗೆ ಬಂದದ್ದು ‘ತರ್ಜುಮೆ’. ಇನ್ನೂ ಹಿಂದೆ ಹೋದರೆ ಮೆಸೊಪೊಟೇಮಿಯಾದ ಅಕ್ಕಾಡಿಯನ್‌ನಲ್ಲಿ ‘ತರ್ಗುಮಾನ್ನು’. ಜೇಡಿಮಣ್ಣಿನ ಹಲಗೆಗಳ ಕಾಲದಿಂದ ದುಭಾಷಿ ಕೆಲಸ ನಡೆದಿದೆ ಅಂತಾಯಿತು. ಕೊನೆಯ ‘ಮನ್’ ಇಂಗ್ಲಿಷಿನ ಮ್ಯಾನ್ ಅಲ್ಲ. ಆದರೂ ಕೆಲವು ಇಂಗ್ಲಿಷರು ಬಹುವಚನಕ್ಕೆ ‘ಡ್ರ್ಯಾಗೊಮೆನ್’ ಬರೆದರು.

ಕೂಡಲಸಂಗಮದವ

ಹಾಗಾದ್ರೆ ಅವರೂ ನನ್ನ ಜಾತಿಯವರೇ, ಧ್ವನಿ ಕೇಳಿ ಅರ್ಥ ಕೂಡಿಸಿದವರು.

ಬಾದಾಮಿ ಸರ, ಒಂದು ಕೇಳ್ತೀನಿ. ‘ಪಂಡಿತ’ ಎಲ್ಲಿಂದ ಬಂತು? ಅದಾದರೂ ಸಂಸ್ಕೃತದ್ದೇ ತಾನೆ?

ಬಾದಾಮಿ ಬಂಡೆ

ಸಂಸ್ಕೃತದಲ್ಲಿ ಬಹಳ ಹಿಂದಿನಿಂದ ಇದೆ, ಸರಿ. ಅದರ ಬೇರಿನ ಬಗ್ಗೆ ಮಾತ್ರ ಜಗಳ ಇದೆ. ಸಂಸ್ಕೃತದ ಧಾತುವಿಗೆ ಗಂಟು ಹಾಕಿದ ವಿವರಣೆಗಳು ಅಷ್ಟು ಗಟ್ಟಿ ಕಾಣುವುದಿಲ್ಲ. ಕೆಲವು ವಿದ್ವಾಂಸರು ಇದನ್ನು ದ್ರಾವಿಡದ ‘ಹಣ್ಣಾಗು’ ಕಡೆ ಎಳೆದಿದ್ದಾರೆ, ತೆಲುಗಿನ ‘ಪಂಡು’, ನಮ್ಮ ‘ಪಣ್’, ಅಂದರೆ ಬಲಿತು ಮಾಗಿದವನು. ಕೇಳಲು ಚೆಂದ ಇದೆ. ಚೆಂದ ಇದೆ ಅಂತಲೇ ನಾನು ಬೇಗ ಒಪ್ಪುವುದಿಲ್ಲ. ಲಿಂಗ–ಲಿಂಗ್ವಾ ಕೂಡ ಕೇಳಲು ಚೆಂದವೇ ಇತ್ತಲ್ಲ ತಮ್ಮಾ.

ಟಿಳಕವಾಡಿ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಹುಡುಗಿಗೆ ಖಾನಾಪುರದವರ ಉತ್ತರ ಓದಿ ಹೇಳಿದೆ. "ಕನ್ನಡದಲ್ಲಿ ಭಾಷಾಶಾಸ್ತ್ರಜ್ಞ ಬೇರೆ, ದುಭಾಷಿ ಬೇರೆ ಮಿಸ್, ಇಂಗ್ಲಿಷರೇ ಎರಡನ್ನೂ ಕಲಸಿಟ್ಟಿದ್ದಾರೆ" ಅಂದಳು. ಅವಳ ಪಕ್ಕದ ಹುಡುಗಿಯ ಅಡ್ಡಹೆಸರು ಚಿಟ್ನೀಸ. ಈಗ ಕ್ಲಾಸಿನಲ್ಲಿ ಎಲ್ಲರಿಗೂ ತಮ್ಮ ತಮ್ಮ ಅಡ್ಡಹೆಸರಿನ ಅರ್ಥ ಬೇಕಂತೆ. ಪಟ್ಟಿ ಕಳಿಸುತ್ತೇನೆ, ‘ಸಬ್ನೀಸ’ದಿಂದ ಸುರು ಮಾಡೋಣ. ಖಾನಾಪುರ ಅಣ್ಣಾ, ತಯಾರಿದ್ದೀರಾ?

ಖಾನಾಪುರ ಘಾಟ್

ಕಳಿಸಿ ಅಕ್ಕಾರ. ಬೇರೆ ಎಳೆ ತೆಗೆಯಿರಿ, ಇಲ್ಲಿ ಬೇಡ. ಕುಲಕರ್ಣಿ, ದೇಸಾಯಿ ಬಂದರೆ ವಕೀಲ ಕಾಕಾರೂ ಇರಲಿ, ವತನದ ಜಗಳ ಬಂದೇ ಬರುತ್ತದೆ.